ಮಗುವಿನ ಬೊಜ್ಜಿಗೆ ಮನೆಮಂದಿಯ ಮದ್ದು

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ದೊಡ್ಡವರ ಮಟ್ಟಿಗೆ ಆ ಮಾತು ಸರಿಯೆ. ಆದರೆ ಆರು ವರ್ಷದ ಮಗು ಊಟವನ್ನು ಬಲ್ಲುದಾಗುವುದು ಹೇಗೆ? ಅದರ ತಟ್ಟೆಗೆ ಏನು ಬೀಳಬೇಕೆಂಬುದನ್ನು ಅವ್ವನ ಕೈಯ ಸೌಟು ನಿಶ್ಚಯಿಸುತ್ತದೆ. ಸಂತೆಯಿಂದ ಏನು ಬರಬೇಕೆಂಬುದನ್ನು ಅಪ್ಪನ ಕೈಚೀಲ ನಿಶ್ಚಯಿಸುತ್ತದೆ. ಎರಡು ಊಟಗಳ ನಡುವೆ ಏನು ಸಿಗಬೇಕೆಂಬುದನ್ನು ಅಜ್ಜಿಯ ಸೆರಗಿನ ಗಂಟಿನಲ್ಲಿರುವ ಐದು ರೂಪಾಯಿ ನಿಶ್ಚಯಿಸುತ್ತದೆ. ಹೀಗಿರುವಾಗ ಮಗುವಿನ ಮೈಯಲ್ಲಿ ಮಿತಿಮೀರಿದ ಬೊಜ್ಜು ಬೆಳೆದರೆ ಮಗುವೊಂದನ್ನೇ ಹೊಣೆಮಾಡಿ, ಅದರ ತಟ್ಟೆಯೊಂದನ್ನೇ ಕಿರಿದುಗೊಳಿಸುವುದು ನ್ಯಾಯವೂ ಅಲ್ಲ, ಫಲಕಾರಿಯೂ ಅಲ್ಲ. ಕನಿಕರದಿಂದ ಮಾತ್ರವೇ ನಾವು ಹೀಗೆ ಹೇಳುತ್ತಿಲ್ಲ. ಕಳೆದ ನಾಲ್ಕು ದಶಕಗಳ ಪ್ರಯೋಗಗಳಿಂದ ಇದು ಸ್ಥಿರಪಟ್ಟಿದೆ. ಆ ಪ್ರಯೋಗಗಳು ಯಾವುವು, ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂತಹ ಊರಿನ ಮನೆಗೆ ಅವು ಹೇಗೆ ಅನ್ವಯಿಸುತ್ತವೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಳ್ಳಿಗೂ ಬೊಜ್ಜಿಗೂ ಏನು ಸಂಬಂಧ?

ಬೊಜ್ಜು ಪಟ್ಟಣದ ಸಿರಿವಂತರ ಕಾಯಿಲೆ, ಹೊಲದಲ್ಲಿ ದುಡಿಯುವವರ ಮನೆಗೆ ಅದು ಬರುವುದುಂಟೆ ಎಂದು ವಾಚಕರು ಕೇಳಬಹುದು. ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆಗೆ ಉತ್ತರವೇ ಬೇಕಾಗಿರಲಿಲ್ಲ. ಈಗ ಬೇಕಾಗಿದೆ. ೨೦೧೫–೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ಶೇಕಡ ೨.೧ರಷ್ಟು ಮಂದಿ ಅತಿತೂಕದವರಾಗಿದ್ದರು; ೨೦೧೯–೨೧ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡ ೩.೪ಕ್ಕೆ ಏರಿತು. ೨೦೧೬–೧೮ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಂತೆ ೧೦ರಿಂದ ೧೯ ವರ್ಷದವರಲ್ಲಿ ಶೇಕಡ ೫ರಷ್ಟು ಮಂದಿ ಅತಿತೂಕದವರು. ಅದೇ ವಯಸ್ಸಿನವರಲ್ಲಿ ಶೇಕಡ ೨೪ರಷ್ಟು ಮಂದಿ ಬಡಕಲಾದವರು.

ಈ ಎರಡು ಅಂಕೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಅವಶ್ಯ. ಬಡಕಲು ಮಕ್ಕಳ ಸಂಖ್ಯೆಯೇ ಇಂದಿಗೂ ದೊಡ್ಡದು. ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆದರೆ ಅದೇ ಮಕ್ಕಳ ತಾಯಂದಿರ ವಯೋಮಾನದಲ್ಲಿ, ಎಂದರೆ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ, ರಾಜ್ಯದಲ್ಲಿ ಹತ್ತಕ್ಕೆ ಸುಮಾರು ಮೂವರು ಅತಿತೂಕದವರು. ಒಂದೇ ಒಲೆಯ ಅಡುಗೆಯನ್ನು ಉಣ್ಣುವ ಒಂದೇ ಮನೆಯಲ್ಲಿ ತಾಯಿಯ ಮೈ ಬೆಳೆಯುತ್ತಿದೆ, ಒಂದು ಮಗು ಸೊರಗುತ್ತಿದೆ, ಇನ್ನೊಂದು ಮಗು ಊದುತ್ತಿದೆ. ಇಂತಹ ಮನೆಗೆ ಯಾವ ಸಲಹೆಯನ್ನು ಕೊಡಬೇಕು? ಪ್ರಶ್ನೆಯ ಕಷ್ಟವಿರುವುದು ಇಲ್ಲಿಯೇ.

ಲೋಕದ ಲೆಕ್ಕವನ್ನೂ ಗಮನಿಸಬಹುದು. ೧೯೯೦ರಲ್ಲಿ ೫ರಿಂದ ೧೯ ವರ್ಷದವರಲ್ಲಿ ಶೇಕಡ ೮ರಷ್ಟು ಮಂದಿ ಅತಿತೂಕದವರಾಗಿದ್ದರೆಂದೂ, ೨೦೨೨ರ ವೇಳೆಗೆ ಅದು ಶೇಕಡ ೨೦ಕ್ಕೆ ಮುಟ್ಟಿತೆಂದೂ ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ.

ಮೈಯೊಳಗಿನ ಹಗೇವು

ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು, ಬರಗಾಲದಲ್ಲಿ ತೆಗೆದು ಉಣ್ಣುವ ಪದ್ಧತಿ ಇದ್ದಿತು. ದೇಹವೂ ಹಾಗೆಯೇ ಮಾಡುತ್ತದೆ. ಆಹಾರದಿಂದ ಬಂದ ಶಕ್ತಿಯಲ್ಲಿ ಉಸಿರಾಟ, ಹೃದಯದ ಬಡಿತ, ಬೆಳವಣಿಗೆ, ಆಟಪಾಟಗಳಿಗೆ ವ್ಯಯವಾಗಿ ಮಿಕ್ಕುದನ್ನು ಅದು ಕೊಬ್ಬಿನ ರೂಪದಲ್ಲಿ ವಿಶೇಷ ಜೀವಕೋಶಗಳಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ ೪ ಕ್ಯಾಲೊರಿ ಶಕ್ತಿ ದೊರೆತರೆ ಒಂದು ಗ್ರಾಂ ಕೊಬ್ಬಿನಿಂದ ೯ ಕ್ಯಾಲೊರಿ ದೊರೆಯುತ್ತದೆ. (ಆಹಾರದ ವಿಷಯದಲ್ಲಿ ಕ್ಯಾಲೊರಿ ಎಂದರೆ ಭೌತವಿಜ್ಞಾನದ ಕಿಲೋಕ್ಯಾಲೊರಿ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.) ಕಿರಿದಾದ ಸ್ಥಳದಲ್ಲಿ ಹೆಚ್ಚು ಶಕ್ತಿಯನ್ನು ಅಡಗಿಸಿಡಲು ಕೊಬ್ಬಿಗಿಂತ ಉತ್ತಮವಾದ ಕಣಜವಿಲ್ಲ. ಒಂದು ಕಿಲೋಗ್ರಾಂ ದೇಹದ ಬೊಜ್ಜಿನಲ್ಲಿ ಸುಮಾರು ೭,೭೦೦ ಕ್ಯಾಲೊರಿ ಶಕ್ತಿ ಸಂಗ್ರಹವಾಗಿರುತ್ತದೆ.

ತೊಂದರೆ ಹುಟ್ಟುವುದು ಬರಗಾಲ ಬಾರದೆ ಹಗೇವು ಮಾತ್ರ ತುಂಬುತ್ತಲೇ ಹೋದಾಗ. ಸಿಹಿಪಾನೀಯದ ೨೫೦ ಮಿಲಿಲೀಟರಿನ ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ಸುಮಾರು ೨೫ ಗ್ರಾಂ ಸಕ್ಕರೆ, ಎಂದರೆ ೧೦೦ ಕ್ಯಾಲೊರಿ ಇರುತ್ತದೆ. ದಿನಕ್ಕೊಂದು ಸೀಸೆ ಅಗತ್ಯಕ್ಕೆ ಮೀರಿ ಸೇರಿದರೆ, ಬರಿಯ ಗಣಿತದ ಪ್ರಕಾರ, ೭೭ ದಿನಗಳಲ್ಲಿ ಒಂದು ಕಿಲೋಗ್ರಾಂ ಬೊಜ್ಜು ಸೇರಬೇಕು. ದೇಹವು ಯಂತ್ರವಲ್ಲವಾದುದರಿಂದ ಲೆಕ್ಕ ಇಷ್ಟು ನೇರವಾಗಿ ನಡೆಯುವುದಿಲ್ಲ. ತೂಕ ಏರಿದಂತೆ ವ್ಯಯವೂ ಸ್ವಲ್ಪ ಏರುತ್ತದೆ. ಆದರೂ ದಿನದಿನದ ಅಲ್ಪ ಮಿಗತೆ ವರ್ಷಗಳಲ್ಲಿ ದೊಡ್ಡ ಮೊತ್ತವಾಗುವುದೆಂಬುದು ನಿಜ.

ಚರ್ಮದ ಕೆಳಗಿನ ಕಣಜ ಸಾಲದಾದಾಗ ಕೊಬ್ಬು ಹೊಟ್ಟೆಯೊಳಗೂ ಯಕೃತ್ತಿನಲ್ಲಿಯೂ ತುಂಬತೊಡಗುತ್ತದೆ. ಆಗ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿನ ಮಾತಿಗೆ ಯಕೃತ್ತು, ಸ್ನಾಯುಗಳು ಮೊದಲಿನಂತೆ ಕಿವಿಗೊಡುವುದಿಲ್ಲ. ಮೇದೋಜೀರಕ ಗ್ರಂಥಿ ಹೆಚ್ಚುಹೆಚ್ಚು ಇನ್ಸುಲಿನ್ನನ್ನು ಸುರಿಸಿ ದಣಿಯುತ್ತದೆ. ಮುಂದಿನ ಮೆಟ್ಟಿಲು ಮಧುಮೇಹ. ಈ ಸ್ಥಿತಿಯ ಒಂದು ಹೊರಗುರುತು ಕುತ್ತಿಗೆಯ ಹಿಂಭಾಗದ ಚರ್ಮ ಕಪ್ಪಾಗಿ, ಒರಟಾಗಿ, ದಪ್ಪವಾಗುವುದು. ಅನೇಕ ತಾಯಂದಿರು ಇದನ್ನು ಕೊಳೆಯೆಂದು ಭಾವಿಸಿ ಮಗುವಿನ ಕುತ್ತಿಗೆಯನ್ನು ಉಜ್ಜಿ ಉಜ್ಜಿ ತೊಳೆಯುತ್ತಾರೆ. ಆ ಕಪ್ಪು ನೀರಿಗೆ ಹೋಗತಕ್ಕದ್ದಲ್ಲ. ಅದನ್ನು ಕಂಡಾಗ ವೈದ್ಯರ ಬಳಿಗೆ ಹೋಗಬೇಕು.

ಅಳೆಯುವುದು ಹೇಗೆ?

ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ ದೊರೆಯುತ್ತದೆ. ವಯಸ್ಕರಿಗೆ ಒಂದೇ ಮಿತಿ ಸಾಕು. ಮಕ್ಕಳಲ್ಲಿ ವಯಸ್ಸಿನೊಡನೆ ಮಿತಿಯೂ ಬದಲಾಗುತ್ತದೆ. ಒಂದು ಉದಾಹರಣೆ: ೧೨ ವರ್ಷದ ಹುಡುಗಿ, ಎತ್ತರ ೧೫೦ ಸೆಂಟಿಮೀಟರ್, ತೂಕ ೫೪ ಕಿಲೋಗ್ರಾಂ. ೫೪ನ್ನು ೨.೨೫ರಿಂದ ಭಾಗಿಸಿದರೆ ೨೪ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂತೆ ೧೨ ವರ್ಷದ ಹುಡುಗಿಯರಿಗೆ ೨೦.೮ನ್ನು ದಾಟಿದರೆ ಅತಿತೂಕ, ೨೫ನ್ನು ದಾಟಿದರೆ ಬೊಜ್ಜು. ಆದುದರಿಂದ ಈ ಹುಡುಗಿ ಅತಿತೂಕದವಳು, ಬೊಜ್ಜಿನ ಹೊಸ್ತಿಲಿಗೆ ಸಮೀಪದಲ್ಲಿರುವವಳು.

ಈಗ ಇವಳ ತೂಕವನ್ನು ಇಳಿಸಬೇಕೆ? ಇಲ್ಲಿಯೇ ಬಾಲ್ಯದ ಭಾಗ್ಯವಿದೆ. ಎರಡು ವರ್ಷಗಳಲ್ಲಿ ಆಕೆ ೮ ಸೆಂಟಿಮೀಟರ್ ಬೆಳೆದು, ತೂಕ ೨ ಕಿಲೋಗ್ರಾಂ ಮಾತ್ರ ಏರಿತೆನ್ನೋಣ. ಆಗ ಸೂಚ್ಯಂಕ ಸುಮಾರು ೨೨.೪ ಆಗುತ್ತದೆ, ೧೪ ವರ್ಷದ ಹುಡುಗಿಯರ ಅತಿತೂಕದ ಮಿತಿ ೨೨.೭. ಒಂದು ಹೊತ್ತಿನ ಉಪವಾಸವೂ ಇಲ್ಲದೆ ಆಕೆ ಮಿತಿಯೊಳಗೆ ಬಂದಳು. ದೊಡ್ಡವರು ತೂಕವನ್ನು ಕಳೆಯಬೇಕು. ಬೆಳೆಯುವ ಮಗುವಾದರೋ ಬಹುಮಟ್ಟಿಗೆ ತೂಕದ ಏರಿಕೆಯನ್ನು ನಿಧಾನಗೊಳಿಸಿದರೆ ಸಾಕು, ಎತ್ತರವು ಉಳಿದ ಕೆಲಸವನ್ನು ಮಾಡುತ್ತದೆ. ಎಳೆಯ ವಯಸ್ಸಿನಲ್ಲಿಯೇ ಎಚ್ಚರಗೊಳ್ಳಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇರಿಲ್ಲ.

ಮೈಸೂರಿನ ತೂಕದ ದಾಖಲೆಗಳು

ನಮ್ಮ ಮಕ್ಕಳ ವಿಷಯದಲ್ಲಿ ಸೂಚ್ಯಂಕವೊಂದನ್ನೇ ನಂಬುವಂತಿಲ್ಲ. ಇದನ್ನು ತೋರಿಸಿಕೊಟ್ಟ ಸಂಶೋಧನೆಗಳಲ್ಲಿ ಕರ್ನಾಟಕದ್ದೂ ಒಂದು. ಮಿಷನ್ ಆಸ್ಪತ್ರೆಯೆಂದು ಮೈಸೂರಿಗರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ಇಂಗ್ಲೆಂಡಿನ ಕ್ಯಾರೊಲೈನ್ ಫಾಲ್ ಅವರೂ ಮೈಸೂರಿನ ಜಿ. ವಿ. ಕೃಷ್ಣವೇಣಿಯವರೂ ಅವರ ಸಹೋದ್ಯೋಗಿಗಳೂ ಈ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಸಿದರು. ೧೯೯೭–೯೮ರಲ್ಲಿ ಅಲ್ಲಿಗೆ ಬಂದ ಗರ್ಭಿಣಿಯರನ್ನೂ ಅನಂತರ ಅವರ ಮಕ್ಕಳನ್ನೂ ವರ್ಷಗಟ್ಟಲೆ ಅನುಸರಿಸಿ ಪರೀಕ್ಷಿಸಲಾಯಿತು.

ಕಂಡುಬಂದುದೇನು? ಮೈಸೂರಿನ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಹುಟ್ಟುವಾಗಲೇ ಹಗುರ, ಗಿಡ್ಡ. ಆದರೆ ಬೆನ್ನಿನ ಮೇಲಿನ ಚರ್ಮವನ್ನು ಮಡಿಸಿ ಅಳೆದರೆ ಕೊಬ್ಬಿನ ಪದರದಲ್ಲಿ ಅಂತಹ ಕೊರತೆ ಇಲ್ಲ. ಸ್ನಾಯು ಕಡಿಮೆ, ಕೊಬ್ಬು ಮಾತ್ರ ಉಳಿದಿದೆ. ಪುಣೆಯ ಹಳ್ಳಿಗಳಲ್ಲಿ ಇದನ್ನೇ ಕಂಡ ಡಾ. ಯಾಜ್ಞಿಕರು ಭಾರತೀಯ ಶಿಶುವನ್ನು ‘ತೆಳ್ಳನೆಯ ಕೊಬ್ಬಿನ ಮಗು’ ಎಂಬರ್ಥದ ಮಾತಿನಿಂದ ವರ್ಣಿಸಿದರು. ಗರ್ಭಿಣಿಯಾಗಿದ್ದಾಗ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕೇ ಈ ಕೊಬ್ಬು ಇತರರಿಗಿಂತ ಹೆಚ್ಚಾಗಿದ್ದಿತು.

ದೆಹಲಿಯ ಇನ್ನೊಂದು ಸಂಶೋಧನೆ ಈ ಚಿತ್ರವನ್ನು ಪೂರ್ಣಗೊಳಿಸುತ್ತದೆ. ಹುಟ್ಟಿನಿಂದಲೂ ಅಳೆಯುತ್ತ ಬಂದಿದ್ದ ೧,೪೯೨ ಮಂದಿಯನ್ನು ಅವರ ೨೬ರಿಂದ ೩೨ನೆಯ ವಯಸ್ಸಿನಲ್ಲಿ ಪರೀಕ್ಷಿಸಿದ ಫಲಿತಾಂಶ ೨೦೦೪ರಲ್ಲಿ ಪ್ರಕಟವಾಯಿತು. ಮಧುಮೇಹಕ್ಕೆ ಗುರಿಯಾದವರಲ್ಲಿ ಬಹುಮಂದಿ ಬಾಲ್ಯದಲ್ಲಿ ದಪ್ಪಗಿದ್ದವರಲ್ಲ. ಶೈಶವದಲ್ಲಿ ಬಡಕಲಾಗಿದ್ದು, ಅನಂತರ ವರ್ಷದಿಂದ ವರ್ಷಕ್ಕೆ ತಮ್ಮ ಓರಗೆಯವರಿಗಿಂತ ವೇಗವಾಗಿ ಮೈತುಂಬಿಕೊಂಡವರು ಅವರು. ಅವರ ಮನೆಯವರು ಆಗ ಸಂತೋಷಪಟ್ಟಿರಬೇಕು. ಅಪಾಯವನ್ನು ಸಂತೋಷವೆಂದು ಭಾವಿಸುವ ಈ ಪ್ರಮಾದವೇ ನಮ್ಮ ಹಳ್ಳಿಗಳ ಮುಂದಿರುವ ಮುಖ್ಯ ಸಮಸ್ಯೆ.

ಊರಿನಲ್ಲಿ ಬದಲಾದುದೇನು?

ರಾಣೆಬೆನ್ನೂರು ಸೀಮೆಯ ಹಳೆಯ ಊಟವನ್ನು ನೆನೆಯೋಣ. ಜೋಳದ ರೊಟ್ಟಿ, ಕಾಳಿನ ಪಲ್ಯ, ಪುಂಡಿಸೊಪ್ಪು, ಶೇಂಗಾ ಚಟ್ನಿ, ಮೊಸರು, ಬದಿಗೆ ಹಸಿಯ ಉಳ್ಳಾಗಡ್ಡಿ, ಮೂಲಂಗಿ, ಹಕ್ಕರಕಿ ಸೊಪ್ಪು. ಅಗಿಯಲು ಹೊತ್ತು ಬೇಕು. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟಲು ಆ ಹೊತ್ತಿನಲ್ಲಿ ಅವಕಾಶವಿದೆ. ನಾರು ಹೆಚ್ಚು, ಸಕ್ಕರೆ ಇಲ್ಲವೇ ಇಲ್ಲ.

ಇಂದು ಹಾವೇರಿ ಜಿಲ್ಲೆ ರಾಜ್ಯದ ಮುಖ್ಯ ಗೋವಿನಜೋಳದ ಜಿಲ್ಲೆಗಳಲ್ಲೊಂದು. ಆ ಜೋಳದ ಬಹುಪಾಲು ಮನೆಯ ರೊಟ್ಟಿಯಾಗುವುದಿಲ್ಲ. ಕೋಳಿಯ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಹೋಗುತ್ತದೆ. ಪಡಿತರದ ಅಕ್ಕಿ ಹಸಿವನ್ನು ಹಿಂಗಿಸಿದ ಉಪಕಾರ ದೊಡ್ಡದು. ಅದರೊಡನೆ ಅನ್ನವೂ ತಟ್ಟೆಯಲ್ಲಿ ಮುಖ್ಯ ಸ್ಥಾನವನ್ನು ಪಡೆಯಿತು. ರೊಟ್ಟಿ ಬಡಿಯುವುದು ಶ್ರಮದ ಕೆಲಸ. ಬೀಜೋತ್ಪಾದನೆಯ ಹೊಲದಲ್ಲಿ ದಿನವಿಡೀ ಹೂವಿಗೆ ಪರಾಗ ಮುಟ್ಟಿಸಿ ಸಂಜೆ ಮನೆಗೆ ಬರುವ ತಾಯಿಗೆ ಅದಕ್ಕೆ ಬಲವೆಲ್ಲಿ? ಶಾಲೆಯಿಂದ ಬಂದ ಮಗುವಿನ ಕೈಗೆ ಐದು ರೂಪಾಯಿ ಕೊಟ್ಟರೆ ಕಿರಾಣಿ ಅಂಗಡಿಯಲ್ಲಿ ಗರಿಗರಿಯಾದ ಪೊಟ್ಟಣ ಸಿಗುತ್ತದೆ. ಇದರಲ್ಲಿ ತಾಯಿಯ ಅಲಕ್ಷ್ಯವನ್ನು ಕಾಣುವವರು ಆಕೆಯ ದಿನದ ಗಡಿಯಾರವನ್ನು ಕಾಣದವರು.

ಆಟವೂ ಕುಗ್ಗಿದೆ. ಚಿಣ್ಣಿದಾಂಡು, ಲಗೋರಿ, ಕುಂಟಬಿಲ್ಲೆಗಳ ಸ್ಥಳವನ್ನು ಮೊಬೈಲು ಆಕ್ರಮಿಸಿದೆ. ನಡೆದು ಹೋಗುತ್ತಿದ್ದ ಶಾಲೆಯ ದಾರಿಯನ್ನು ಅನೇಕ ಕಡೆ ಶಾಲೆಯ ಬಸ್ಸೂ ಮನೆಯ ಬೈಕೂ ನುಂಗಿವೆ. ಹುಡುಗಿ ದೊಡ್ಡವಳಾದಳೆಂದರೆ ಅಂಗಳದ ಆಟ ನಿಂತೇ ಹೋಗುತ್ತದೆ. ದಿನಕ್ಕೆ ಸರಾಸರಿ ೬೦ ನಿಮಿಷಗಳ ಚುರುಕಾದ ಮೈಯಾಟ ೫ರಿಂದ ೧೭ ವರ್ಷದವರೆಲ್ಲರಿಗೂ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಾತು ಹುಡುಗಿಯರನ್ನು ಹೊರತುಪಡಿಸಿಲ್ಲ.

ಎಪ್‌ಸ್ಟೈನರ ಹತ್ತು ವರ್ಷಗಳು

ಈಗ ಚಿಕಿತ್ಸೆಯ ಕಡೆಗೆ ತಿರುಗೋಣ. ಅಮೆರಿಕದ ಮನೋವಿಜ್ಞಾನಿ ಲೆನರ್ಡ್ ಎಪ್‌ಸ್ಟೈನ್ ಅವರು ೬ರಿಂದ ೧೨ ವರ್ಷದ ಸ್ಥೂಲ ಮಕ್ಕಳಿದ್ದ ೭೬ ಕುಟುಂಬಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ಎಲ್ಲರಿಗೂ ಆಹಾರ, ವ್ಯಾಯಾಮಗಳ ಬಗೆಗೆ ಒಂದೇ ಬಗೆಯ ಶಿಕ್ಷಣ ದೊರೆಯಿತು. ಭೇದವಿದ್ದುದು ಒಂದೇ ಅಂಶದಲ್ಲಿ: ಮೊದಲನೆಯ ಗುಂಪಿನಲ್ಲಿ ಮಗುವೂ ತಂದೆ ಅಥವಾ ತಾಯಿಯೂ ಇಬ್ಬರೂ ನಡತೆಯನ್ನು ತಿದ್ದಿಕೊಂಡು ತೂಕ ಇಳಿಸಿದರೆ ಮೆಚ್ಚುಗೆ, ಎರಡನೆಯದರಲ್ಲಿ ಮಗುವಿನ ಪ್ರಗತಿಗೆ ಮಾತ್ರ ಮೆಚ್ಚುಗೆ, ಮೂರನೆಯದರಲ್ಲಿ ತರಗತಿಗೆ ಬಂದುದಕ್ಕೆ ಮಾತ್ರ ಮೆಚ್ಚುಗೆ.

ಹತ್ತು ವರ್ಷಗಳ ಅನಂತರ, ಆ ಮಕ್ಕಳು ತರುಣರಾಗಿದ್ದಾಗ, ಮತ್ತೆ ಅಳೆದು ೧೯೯೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇರಬೇಕಾದ ತೂಕಕ್ಕಿಂತ ಹೆಚ್ಚಿನ ಶೇಕಡ ಪ್ರಮಾಣವು ಮೊದಲನೆಯ ಗುಂಪಿನಲ್ಲಿ ೭.೫ರಷ್ಟು ಇಳಿದಿತ್ತು, ಎರಡನೆಯದರಲ್ಲಿ ೪.೫ರಷ್ಟು ಏರಿತ್ತು, ಮೂರನೆಯದರಲ್ಲಿ ೧೪.೩ರಷ್ಟು ಏರಿತ್ತು. ಪಾಠ ಒಂದೇ, ಮಕ್ಕಳು ಒಂದೇ ಬಗೆಯವರು; ಹಿರಿಯರು ತಾವೂ ಬದಲಾದರೆ, ಇಲ್ಲವೆ ಎಂಬುದರಿಂದ ಹತ್ತು ವರ್ಷಗಳ ವ್ಯತ್ಯಾಸ ಉಂಟಾಯಿತು.

ಇಸ್ರೇಲಿನ ಮೋರಿಯಾ ಗೋಲಾನ್ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ೬ರಿಂದ ೧೧ ವರ್ಷದ ೬೦ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ನೇರವಾಗಿ ಶಿಕ್ಷಣ. ಉಳಿದರ್ಧ ಮಕ್ಕಳನ್ನು ಚಿಕಿತ್ಸೆಯ ಕೋಣೆಗೆ ಕರೆಯಲೇ ಇಲ್ಲ, ತಂದೆತಾಯಿಯರಿಗೆ ಮಾತ್ರ ಶಿಕ್ಷಣ. ೧೯೯೮ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಂದೆತಾಯಿಯರು ಕಲಿತ ಗುಂಪಿನ ಮಕ್ಕಳ ಅತಿತೂಕದಲ್ಲಿ ಶೇಕಡ ೧೪.೬ರಷ್ಟು ಇಳಿತವಾಯಿತು, ಮಕ್ಕಳೇ ಕಲಿತ ಗುಂಪಿನಲ್ಲಿ ಶೇಕಡ ೮.೧ ಮಾತ್ರ.

೨೦೨೩ರಲ್ಲಿ ಎಪ್‌ಸ್ಟೈನರೂ ಅವರ ಸಂಗಡಿಗರೂ ೪೫೨ ಮಕ್ಕಳ ಮೇಲೆ ನಡೆಸಿದ ದೊಡ್ಡ ಪ್ರಯೋಗದ ವರದಿ ಬಂದಿತು. ಎರಡು ವರ್ಷಗಳ ಚಿಕಿತ್ಸೆಯಲ್ಲಿ ಮಕ್ಕಳೂ ತಂದೆತಾಯಿಯರೂ ಸುಧಾರಿಸಿದರು. ಅದಕ್ಕಿಂತಲೂ ಗಮನಾರ್ಹವಾದುದು, ಚಿಕಿತ್ಸೆಯನ್ನೇ ಪಡೆಯದೆ ಮನೆಯಲ್ಲಿಯೇ ಇದ್ದ ಒಡಹುಟ್ಟಿದವರೂ ಸುಧಾರಿಸಿದರು. ಮನೆಯ ಗಾಳಿ ಬದಲಾದರೆ ಅದನ್ನು ಉಸಿರಾಡುವವರೆಲ್ಲರಿಗೂ ಅದು ತಟ್ಟುತ್ತದೆ.

ಬೊಜ್ಜು ವಂಶದಿಂದ ಬರುತ್ತದೆ, ಮನೆಯವರು ಮಾಡುವುದೇನಿದೆ ಎಂದು ಆಕ್ಷೇಪಿಸುವವರುಂಟು. ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಡೆನ್ಮಾರ್ಕಿನಲ್ಲಿ ದತ್ತುಹೋದ ೫೪೦ ಮಂದಿಯನ್ನು ಪರೀಕ್ಷಿಸಿದ ೧೯೮೬ರ ಪ್ರಸಿದ್ಧ ಅಧ್ಯಯನದಲ್ಲಿ ಅವರ ಮೈಕಟ್ಟು ಸಾಕಿದವರನ್ನು ಹೋಲದೆ ಹೆತ್ತವರನ್ನು ಹೋಲುತ್ತಿತ್ತು. ಯಾರ ಮೈ ಬೇಗ ಬೊಜ್ಜು ಹಿಡಿಯುವುದೆಂಬುದನ್ನು ವಂಶವಾಹಿಗಳು ಬಹುಮಟ್ಟಿಗೆ ನಿರ್ಣಯಿಸುತ್ತವೆ. ಆದರೆ ೧೯೯೦ರಿಂದ ೨೦೨೨ರವರೆಗಿನ ಅಲ್ಪ ಕಾಲದಲ್ಲಿ ಮಾನವಕುಲದ ವಂಶವಾಹಿಗಳು ಬದಲಾಗಿಲ್ಲ. ಬದಲಾದುದು ಊಟ, ಆಟ, ನಿದ್ರೆ. ಬೀಜ ಒಂದೇ ಆದರೂ ಬೆಳೆ ಹೊಲವನ್ನೂ ಮಳೆಯನ್ನೂ ಅವಲಂಬಿಸುವುದೆಂಬುದನ್ನು ಬೀಜೋತ್ಪಾದನೆಯ ನಾಡಿನವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಹಳ್ಳಿಗಾಡಿನ ಎರಡು ಪ್ರಯೋಗಗಳು

ಈ ಪ್ರಯೋಗಗಳು ದೊಡ್ಡ ವಿಶ್ವವಿದ್ಯಾನಿಲಯಗಳ ಆಶ್ರಯದಲ್ಲಿ ನಡೆದವು. ಆಸ್ಪತ್ರೆ ದೂರವಿರುವ ಹಳ್ಳಿಗೆ ಅವು ಒಗ್ಗುವುವೆ? ಅಮೆರಿಕದ ಫ್ಲಾರಿಡಾ ಸಂಸ್ಥಾನದ ಹಳ್ಳಿಗಾಡಿನಲ್ಲಿ ೯೩ ಮಕ್ಕಳ ಕುಟುಂಬಗಳೊಡನೆ ಡೇವಿಡ್ ಜಾನಿಕ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ತರಗತಿಗಳನ್ನು ಅವರು ನಡೆಸಿದ್ದು ಆಸ್ಪತ್ರೆಯಲ್ಲಲ್ಲ, ರೈತರಿಗೆ ಸಲಹೆ ನೀಡುವ ಕೃಷಿ ವಿಸ್ತರಣಾ ಕಚೇರಿಗಳಲ್ಲಿ. ಹತ್ತು ತಿಂಗಳ ಅನಂತರ, ಸರದಿಗಾಗಿ ಕಾಯುತ್ತಿದ್ದ ಕುಟುಂಬಗಳ ಮಕ್ಕಳಿಗಿಂತ ತರಬೇತಿ ಪಡೆದವರ ಮಕ್ಕಳು ಉತ್ತಮ ಸ್ಥಿತಿಯಲ್ಲಿದ್ದರೆಂದು ೨೦೦೮ರ ವರದಿ ತಿಳಿಸುತ್ತದೆ. ಪೋಷಕರಿಗೆ ಮಾತ್ರ ತರಬೇತಿ ಕೊಟ್ಟ ಗುಂಪಿನಲ್ಲಿಯೂ ಫಲ ಕಂಡುಬಂದಿತು.

ಎರಡನೆಯದು ಕ್ಯಾಲಿಫೋರ್ನಿಯದ ಒಳನಾಡಿನ ಫೈರ್‌ಬಾ ಎಂಬ ಸಣ್ಣ ಊರಿನದು. ಅಲ್ಲಿಯ ಬಹುಮಂದಿ ಮೆಕ್ಸಿಕೋ ಮೂಲದವರು, ಹೊಲದ ಕೂಲಿಯಿಂದ ಬದುಕುವವರು. ಲೋಕಕ್ಕೆಲ್ಲ ತರಕಾರಿ ಬೆಳೆದುಕೊಡುವ ಆ ಕೂಲಿಗಳ ಮನೆಗಳಲ್ಲಿ ತರಕಾರಿಗೇ ಅಭಾವ. ಗುಂಡಗಿನ ಮಗುವೇ ಆರೋಗ್ಯವಂತ ಮಗುವೆಂಬ ನಂಬಿಕೆ ಅಲ್ಲಿಯ ಅಜ್ಜಿಯರಲ್ಲಿಯೂ ಉಂಟು. ‘ಆರೋಗ್ಯವಂತ ಮಕ್ಕಳು, ಆರೋಗ್ಯವಂತ ಕುಟುಂಬ’ ಎಂಬರ್ಥದ ಸ್ಪ್ಯಾನಿಷ್ ಹೆಸರಿನ ಯೋಜನೆಯೊಂದನ್ನು ೨೦೧೧ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದವರು ಅಲ್ಲಿ ಆರಂಭಿಸಿದರು. ಮನೆಮಂದಿಗೆಲ್ಲ ಅವರ ನುಡಿಯಲ್ಲಿಯೇ ತರಗತಿಗಳು, ಶಾಲೆಯಲ್ಲಿ ಪಾಠ ಮತ್ತು ಮೈಯಾಟ; ಇವುಗಳೊಡನೆ ಊರಿನ ಅಂಗಡಿಯಲ್ಲಿ ಹಣ್ಣು, ತರಕಾರಿ ಕೊಳ್ಳಲು ಮಾತ್ರ ಸಲ್ಲುವ ತಿಂಗಳಿಗೆ ೨೫ ಡಾಲರುಗಳ ಚೀಟಿ. ಒಂದು ವರ್ಷದ ಅನಂತರ ಬೊಜ್ಜಿದ್ದ ಹುಡುಗರ ಸೂಚ್ಯಂಕದ ಏರಿಕೆ ನಿಧಾನವಾಗಿತ್ತು. ಫಲ ಮುಖ್ಯವಾಗಿ ಹುಡುಗರಲ್ಲಿ ಕಂಡುಬಂದಿತೆಂಬುದನ್ನೂ ಹೇಳಬೇಕು. ಯಾವ ಪ್ರಯೋಗವೂ ಮಂತ್ರದಂಡವಲ್ಲ. ಆದರೆ ಬಡವರ ಮನೆಗೆ ಬುದ್ಧಿವಾದದೊಡನೆ ಕೊಳ್ಳುವ ಶಕ್ತಿಯನ್ನೂ ಒದಗಿಸಬೇಕೆಂಬ ತಿಳಿವಳಿಕೆ ಇದರಲ್ಲಿದೆ.

ನಮ್ಮಲ್ಲಿ ಇಂತಹ ಕಾರ್ಯಕ್ಕೆ ಸಲಕರಣೆಗಳಿಲ್ಲದಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಫ್ಲಾರಿಡಾದ ಕೃಷಿ ಕಚೇರಿಗಳು ಮಾಡಿದುದನ್ನು ಇಂತಹ ಕೇಂದ್ರಗಳೂ ಮಾಡಬಲ್ಲವು. ಅಂಗನವಾಡಿಯಲ್ಲಿ ತಕ್ಕಡಿಯಿದೆ, ಮನೆಮನೆಯನ್ನು ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ, ಸ್ತ್ರೀಶಕ್ತಿ ಸಂಘಗಳಿವೆ, ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ. ಅಂಗನವಾಡಿಯ ತಕ್ಕಡಿ ಬಹುಕಾಲ ಬಡಕಲು ಮಗುವನ್ನೇ ಹುಡುಕಿತು. ಅದೇ ತಕ್ಕಡಿಯೂ ಎತ್ತರದ ಪಟ್ಟಿಯೂ ಅತಿವೇಗವಾಗಿ ಮೈತುಂಬಿಕೊಳ್ಳುವ ಮಗುವನ್ನೂ ಗು‌ರುತಿಸಬಲ್ಲವು.

ಮನೆಯಲ್ಲಿ ಮಾಡತಕ್ಕುದು

ಮೊದಲನೆಯದು ಕೊಳ್ಳುವಿಕೆ. ಆರು ಜನರ ಮನೆಯಲ್ಲಿ ತಿಂಗಳಿಗೆ ೬ ಕಿಲೋಗ್ರಾಂ ಸಕ್ಕರೆ ಮುಗಿಯುತ್ತಿದ್ದರೆ ತಲೆಗೆ ದಿನಕ್ಕೆ ೩೩ ಗ್ರಾಂ ಬಿದ್ದಂತಾಯಿತು. ಬಿಸ್ಕತ್ತು, ಸಿಹಿಪಾನೀಯಗಳ ಸಕ್ಕರೆ ಬೇರೆ. ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡ ೧೦ನ್ನು ಮೀರಬಾರದು, ಶೇಕಡ ೫ಕ್ಕೆ ಇಳಿದರೆ ಇನ್ನೂ ಲೇಸು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ೨೦೧೫ರ ಸೂತ್ರ. ೨,೦೦೦ ಕ್ಯಾಲೊರಿಯ ಊಟಕ್ಕೆ ಈ ಮಿತಿಗಳು ೫೦ ಮತ್ತು ೨೫ ಗ್ರಾಂ ಆಗುತ್ತವೆ. ತಂದಿಟ್ಟ ತಿಂಡಿಯನ್ನು ಅಟ್ಟದ ಮೇಲಿಟ್ಟು ‘ಮುಟ್ಟಬೇಡ’ ಎನ್ನುವುದು ವ್ಯರ್ಥ. ಕಣ್ಣಿಗೆ ಕಂಡೂ ಕೈಗೆ ಸಿಗದ ತಿಂಡಿಯ ಮೇಲೆ ಮಕ್ಕಳ ಆಸೆ ಹೆಚ್ಚುತ್ತದೆಂಬುದನ್ನು ಲಿಯಾನ್ ಬರ್ಚ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಹೋದ್ಯೋಗಿ ೧೯೯೯ರಲ್ಲಿ ತೋರಿಸಿದರು. ಮನೆಗೆ ಬಾರದ ವಸ್ತುವಿಗೆ ಕಾವಲು ಬೇಕಾಗಿಲ್ಲ.

ಎರಡನೆಯದು ಮೂರು ಬಣ್ಣಗಳು. ಎಪ್‌ಸ್ಟೈನರು ಆಹಾರವನ್ನು ರಸ್ತೆಯ ದೀಪದಂತೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿ ಮಕ್ಕಳಿಗೆ ಕಲಿಸಿದರು. ಇದನ್ನು ನಮ್ಮ ಅಡುಗೆಮನೆಗೆ ಹೊಂದಿಸಿಕೊಳ್ಳಬಹುದು. ಸೊಪ್ಪು, ಕಾಯಿಪಲ್ಲೆ, ಹಸಿಯ ಸೌತೆಕಾಯಿ, ಮಜ್ಜಿಗೆ ಹಸಿರು. ರೊಟ್ಟಿ, ಅನ್ನ, ಕಾಳು, ಮೊಟ್ಟೆ, ಹಾಲು, ಶೇಂಗಾ ಚಟ್ನಿ ಹಳದಿ, ಎಂದರೆ ಹಸಿವಿಗೆ ತಕ್ಕಷ್ಟು. ಮಿರ್ಚಿ ಬಜಿ, ಕರಿದ ಪೊಟ್ಟಣ, ಸಿಹಿಪಾನೀಯ ಕೆಂಪು. ಕೆಂಪನ್ನು ನಿಷೇಧಿಸಬೇಕಾಗಿಲ್ಲ, ಸಂತೆಯ ದಿನ ಎಲ್ಲರೂ ಕೂಡಿ ತಿನ್ನಲಿ, ಉಳಿದ ದಿನ ಯಾರೂ ತಿನ್ನದಿರಲಿ. ಅಪ್ಪನ ಬಜಿಗೆ ಒಂದು ಕಾನೂನು, ಮಗನ ಬಜಿಗೆ ಇನ್ನೊಂದು ಎಂದಾಗಕೂಡದು.

ಸೊರಗಿದ ಮಗುವಿನ ಗತಿಯೇನೆಂದು ಇಲ್ಲಿ ಕೇಳಬೇಕು. ಇಬ್ಬರಿಗೂ ಬೇಕಾದುದು ಕಾಳು, ಹಾಲು, ಮೊಟ್ಟೆ, ಸೊಪ್ಪುಗಳ ಊಟವೇ. ಸೊರಗಿದ ಮಗುವಿಗೆ ಅದರೊಡನೆ ಇನ್ನೊಂದು ಹೊತ್ತಿನ ಶೇಂಗಾ, ಬೆಲ್ಲ, ಹಾಲು ಸೇರಲಿ. ಪೊಟ್ಟಣದ ತಿಂಡಿಯಿಂದ ಬಡಕಲು ಮಗು ಪುಷ್ಟವಾಗದು. ಅದರ ಹಸಿವೆ ಮಾತ್ರ ಕೆಡುತ್ತದೆ. ಆದುದರಿಂದ ಮನೆಯ ಒಲೆಯನ್ನು ಎರಡಾಗಿ ಮಾಡಬೇಕಾದ ಪ್ರಮೇಯವಿಲ್ಲ.

ಮೂರನೆಯದು ಉಣಿಸುವ ರೀತಿ. ಏನು, ಯಾವಾಗ ಎಂಬುದನ್ನು ಹಿರಿಯರು ನಿಶ್ಚಯಿಸಲಿ. ಎಷ್ಟು ಎಂಬುದನ್ನು ಮಗುವಿನ ಹೊಟ್ಟೆ ನಿಶ್ಚಯಿಸಲಿ. ‘ಕೂಸು ಸೊರಗೇತಿ, ಇನ್ನೊಂದು ತುತ್ತು ತಿನ್ನವ್ವ’ ಎಂದು ಒತ್ತಾಯಿಸಿದಷ್ಟೂ, ತಟ್ಟೆ ಬರಿದುಮಾಡಿದರೆ ಬಹುಮಾನವೆಂದಷ್ಟೂ, ತನ್ನ ಹೊಟ್ಟೆ ತುಂಬಿದುದನ್ನು ತಾನೇ ತಿಳಿಯುವ ಮಗುವಿನ ಸಹಜಶಕ್ತಿ ಮಂಕಾಗುತ್ತದೆ. ಇದೂ ೧೯೮೭ರಲ್ಲಿ ಬರ್ಚ್ ಅವರ ಪ್ರಯೋಗಗಳಿಂದಲೇ ತಿಳಿದುಬಂದ ಸಂಗತಿ. ಊಟದ ಹೊತ್ತಿನಲ್ಲಿ ಮೊಬೈಲು, ಟೆಲಿವಿಷನ್ನುಗಳು ಎಲ್ಲರ ಪಾಲಿಗೂ ಮುಚ್ಚಿರಲಿ.

ಅಜ್ಜಿಯನ್ನು ಇಲ್ಲಿ ಎದುರಾಳಿಯಾಗಿ ಕಾಣುವುದು ತಪ್ಪು. ಬಡಕಲು ಕೂಸುಗಳು ಬೇಧಿಗೂ ಜ್ವರಕ್ಕೂ ತುತ್ತಾಗುತ್ತಿದ್ದ ಕಾಲವನ್ನು ಆಕೆ ಕಂಡಿದ್ದಾಳೆ. ಮೈತುಂಬಿದ ಕೂಸಿನಲ್ಲಿ ಆಕೆಗೆ ಕಾಣುವುದು ಬದುಕುಳಿಯುವ ಭರವಸೆ. ಹೊಲದ ಬದುವಿನಲ್ಲಿ ಯಾವ ಸೊಪ್ಪು ಯಾವ ತಿಂಗಳಲ್ಲಿ ಚಿಗುರುವುದೆಂಬುದನ್ನು ಬಲ್ಲವಳೂ ಆಕೆಯೇ. ಆ ವಿದ್ಯೆಯನ್ನು ಮೊಮ್ಮಗಳಿಗೆ ಕಲಿಸುವ ಕೆಲಸವನ್ನು ಆಕೆಗೆ ಒಪ್ಪಿಸಿದರೆ ಪೊಟ್ಟಣದ ಐದು ರೂಪಾಯಿಗಿಂತ ದೊಡ್ಡ ಪ್ರೀತಿಯನ್ನು ತೋರಿಸಲು ಆಕೆಗೊಂದು ದಾರಿ ಸಿಕ್ಕಂತಾಗುತ್ತದೆ.

ನಾಲ್ಕನೆಯದು ಆಟ ಮತ್ತು ನಿದ್ರೆ. ಶಾಲೆಯ ವಯಸ್ಸಿನ ಮಕ್ಕಳಿಗೆ ೯ರಿಂದ ೧೨ ಗಂಟೆ, ಹದಿಹರೆಯದವರಿಗೆ ೮ರಿಂದ ೧೦ ಗಂಟೆ ನಿದ್ರೆ ಬೇಕು. ನಿದ್ರೆ ಕಡಿಮೆಯಾದ ಮಕ್ಕಳಲ್ಲಿ ಬೊಜ್ಜು ಹೆಚ್ಚಾಗಿ ಕಂಡುಬರುತ್ತದೆ. ತಂದೆ ಸಂಜೆ ಹೊಲದ ಕಡೆಗೆ ನಡೆದು ಹೊರಟರೆ ಮಗಳನ್ನೂ ಜೊತೆಗೆ ಕರೆದೊಯ್ಯಲಿ.

ಕೊನೆಯದು ನಾಲಿಗೆ. ‘ಡುಮ್ಮ’, ‘ಗುಂಡ’ ಎಂಬ ಅಡ್ಡಹೆಸರುಗಳಿಂದ ಒಂದು ಗ್ರಾಂ ಬೊಜ್ಜೂ ಕರಗದು. ನಾಚಿಕೆಗೊಂಡ ಮಗು ಆಟದಿಂದ ಹಿಂದೆ ಸರಿಯುತ್ತದೆ, ಮರೆಯಲ್ಲಿ ತಿನ್ನುತ್ತದೆ. ಪತ್ರಿಕೆ, ಮೊಬೈಲುಗಳ ಜಾಹೀರಾತಿನ ಔಷಧಗಳನ್ನೂ ಉಪವಾಸಗಳನ್ನೂ ಬೆಳೆಯುವ ಮಗುವಿನ ಮೇಲೆ ಪ್ರಯೋಗಿಸಕೂಡದು. ಎತ್ತರ ಬೆಳೆಯದೆ ತೂಕ ಮಾತ್ರ ಏರುತ್ತಿದ್ದರೆ, ನಿದ್ರೆಯಲ್ಲಿ ಗಟ್ಟಿಯಾಗಿ ಗೊರಕೆ ಬರುತ್ತಿದ್ದರೆ, ಕುತ್ತಿಗೆ ಕಪ್ಪಾಗಿದ್ದರೆ ವೈದ್ಯರ ಪರೀಕ್ಷೆ ಅವಶ್ಯ.

ವಿದ್ಯಾರ್ಥಿಗಳಿಗೆ ಒಂದು ಮಾತು

ಈ ಲೇಖನವನ್ನು ಓದುವವರಲ್ಲಿ ಬಹುಮಂದಿ ಮನೆಯ ಅಣ್ಣಂದಿರು, ಅಕ್ಕಂದಿರು. ತಂಗಿ ತಮ್ಮಂದಿರು ನೋಡಿ ಕಲಿಯುವುದು ಅಪ್ಪ ಅವ್ವಂದಿರಿಗಿಂತಲೂ ಹಲವು ವೇಳೆ ನಿಮ್ಮನ್ನು. ಶಾಲೆಯ ತಕ್ಕಡಿಯಲ್ಲಿ ಮನೆಯ ಮಕ್ಕಳೆಲ್ಲರ ತೂಕವನ್ನೂ, ಗೋಡೆಗೆ ನಿಲ್ಲಿಸಿ ಎತ್ತರವನ್ನೂ ಮೂರು ತಿಂಗಳಿಗೊಮ್ಮೆ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಸೂಚ್ಯಂಕವನ್ನು ಲೆಕ್ಕಹಾಕುವ ಗಣಿತ ನಿಮಗೆ ಗೊತ್ತಿದೆ. ಒಂದು ಸಲದ ಅಂಕೆಗಿಂತ ಅಂಕೆಗಳ ನಡೆಯೇ ಹೆಚ್ಚು ಹೇಳುತ್ತದೆಂಬುದನ್ನು ದೆಹಲಿಯ ಸಂಶೋಧನೆಯಿಂದ ಕಂಡೆವಷ್ಟೆ. ಮನೆಗೆ ತಿಂಗಳಿಗೆ ಬರುವ ಸಕ್ಕರೆಯನ್ನೂ ಎಣ್ಣೆಯನ್ನೂ ತಲೆಯೆಣಿಕೆಯಿಂದಲೂ ದಿನಗಳಿಂದಲೂ ಭಾಗಿಸಿ, ಬಂದ ಉತ್ತರವನ್ನು ಊಟಕ್ಕೆ ಕುಳಿತಾಗ ಎಲ್ಲರೆದುರಿಗೆ ಓದಿರಿ. ಯಾರ ಹೆಸರನ್ನೂ ಎತ್ತದೆ, ಯಾರನ್ನೂ ದೂರದೆ, ಮುಂದಿನ ತಿಂಗಳ ಕಿರಾಣಿ ಚೀಟಿಯನ್ನು ಮನೆಮಂದಿಯೆಲ್ಲ ಕೂಡಿ ಬರೆಯುವುದಾದರೆ ಚಿಕಿತ್ಸೆ ಆರಂಭವಾಯಿತೆಂದೇ ತಿಳಿಯಬೇಕು.